ಪ್ಲಾಟಿನಂ ಬೇಡವೆನ್ನುವ ಮುನ್ನ

ಹೈಡ್ರೋಜನ್ನನ್ನು ಆಮ್ಲಜನಕದೊಂದಿಗೆ ಕೂಡಿಸಿ ವಿದ್ಯುತ್ ಕೊಡುವ ಹೈಡ್ರೋಜನ್ ಇಂಧನ ಕೋಶಗಳ ಚರ್ಚೆ ಎದ್ದಾಗಲೆಲ್ಲ ಯಾರಾದರೊಬ್ಬರು ಪ್ಲಾಟಿನಂ ಬೆಲೆಯ ಮಾತು ತೆಗೆಯುತ್ತಾರೆ; ಈ ಲೋಹವಿಲ್ಲದ ವೇಗವರ್ಧಕ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಸಿಗುವವರೆಗೆ ತಂತ್ರಜ್ಞಾನಕ್ಕೆ ಭವಿಷ್ಯವಿಲ್ಲ ಎಂಬ ತೀರ್ಮಾನವೂ ಅದರ ಬೆನ್ನಿಗೇ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಹಾಕಿದ ಪ್ಲಾಟಿನಂ ಪೂರ್ತಿಯಾಗಿ ದುಡಿಯುವಂತೆಯೂ ಬಹುಕಾಲ ಉಳಿಯುವಂತೆಯೂ ಮಾಡುವುದೇ ಸದ್ಯಕ್ಕೆ ಫಲ ಕೊಡುವ ದಾರಿ ಎಂಬುದು ನನ್ನ ಅಭಿಪ್ರಾಯ.

ಕೋಶದ ಎರಡೂ ಬದಿಗೆ ಪ್ಲಾಟಿನಂ ಬೇಕಾದರೂ ಸಮ ಪ್ರಮಾಣದಲ್ಲಿ ಬೇಕಿಲ್ಲ. ಹೈಡ್ರೋಜನ್ ಬರುವ ಬದಿಯಾದ ಆನೋಡಿನಲ್ಲಿ ಅದು ಪ್ರೋಟಾನ್, ಎಲೆಕ್ಟ್ರಾನ್‌ಗಳಾಗಿ ಒಡೆಯುವ ಕ್ರಿಯೆ ಬಹಳ ಚುರುಕಾದುದರಿಂದ ಅಲ್ಲಿಗೆ ಅತ್ಯಲ್ಪ ಲೋಹ ಸಾಕು. ಎದುರು ಬದಿಯಾದ ಕ್ಯಾಥೋಡಿನಲ್ಲಿ ಮಾತ್ರ ಆಮ್ಲಜನಕದ ಗಟ್ಟಿ ಬಂಧವನ್ನು ಮುರಿದು, ಪ್ರತಿ ಅಣುವಿಗೆ ನಾಲ್ಕು ಎಲೆಕ್ಟ್ರಾನ್ ಕೂಡಿಸಿ ನೀರಾಗಿಸಬೇಕು; ಇದು ನಿಧಾನವಾಗಿ ನಡೆಯುವ ಕ್ರಿಯೆ. ಸುಮಾರು 1.23 ವೋಲ್ಟ್ ಕೊಡಬೇಕಾದ ಕೋಶ ಕೆಲಸದ ಹೊತ್ತಿನಲ್ಲಿ 0.7 ವೋಲ್ಟಿನ ಆಸುಪಾಸಿಗೆ ಇಳಿಯಲು ಈ ನಿಧಾನಗತಿಯೇ ದೊಡ್ಡ ಕಾರಣ.

1980ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ನಡೆದ ಕೆಲಸವನ್ನು ನೋಡಿ. ಆಗ ಚದರ ಸೆಂಟಿಮೀಟರಿಗೆ ಸುಮಾರು 4 ಮಿಲಿಗ್ರಾಂ ಪ್ಲಾಟಿನಂ ಬಳಸುತ್ತಿದ್ದರು. ಅದರಲ್ಲಿ ಬಹುಪಾಲು ಪ್ರೋಟಾನ್ ತಲುಪದ ಜಾಗದಲ್ಲಿ ಸುಮ್ಮನೆ ಕುಳಿತಿತ್ತು. ಇಂಗಾಲದ ಮೇಲೆ ಪ್ಲಾಟಿನಂ ಕಣಗಳಿರುವ ವಿದ್ಯುದ್ವಾರದೊಳಕ್ಕೆ ಪ್ರೋಟಾನ್ ಸಾಗಿಸುವ ಅಯಾನೊಮರ್ ಎಂಬ ಪಾಲಿಮರನ್ನು ಇಳಿಸಿದಾಗ 0.4 ಮಿಲಿಗ್ರಾಮಿನಲ್ಲೇ ಕೆಲಸ ಸಾಧ್ಯವಾಯಿತು. ಹೊಸ ಲೋಹವನ್ನೇನೂ ಯಾರೂ ಕಂಡುಹಿಡಿದಿರಲಿಲ್ಲ ಎಂಬುದನ್ನು ಗಮನಿಸಬೇಕು.

ಅದೇ ಅಯಾನೊಮರ್ ಇಂದು ಇನ್ನೊಂದು ತಲೆನೋವು. ಅದರ ಅಣುವಿನಲ್ಲಿರುವ ಸಲ್ಫೋನೇಟ್ ಎಂಬ ಗಂಧಕಯುಕ್ತ ಗುಂಪುಗಳು ಪ್ಲಾಟಿನಂ ಮೇಲ್ಮೈಗೆ ಅಂಟಿಕೊಂಡು ಕ್ರಿಯೆ ನಡೆಯುವ ಜಾಗವನ್ನು ಆಕ್ರಮಿಸುತ್ತವೆ. ಲೋಹ ಕಡಿಮೆಯಾದಷ್ಟೂ ಪ್ರತಿ ಕಣಕ್ಕೆ ಆಮ್ಲಜನಕ ತಲುಪಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಕೆಲವೇ ನ್ಯಾನೋಮೀಟರ್ ಅಗಲದ ಬಾಯಿಯಿರುವ ಇಂಗಾಲದ ರಂಧ್ರಗಳೊಳಗೆ ಪ್ಲಾಟಿನಂ ಕಣಗಳನ್ನು ಕೂರಿಸುವ ವಿಧಾನ ಬಂದಿದೆ. ಪಾಲಿಮರ್ ಆ ಬಾಯಿಯೊಳಗೆ ಸುಲಭವಾಗಿ ನುಗ್ಗಲಾರದು, ಆದರೆ ನೀರೂ ಆಮ್ಲಜನಕವೂ ನುಗ್ಗಬಲ್ಲವು. ನನಗೆ ಅತ್ಯಂತ ಜಾಣತನದ್ದಾಗಿ ತೋರುವ ಸುಧಾರಣೆ ಇದು.

ಮಿಶ್ರಲೋಹಗಳಿಗೆ ಸಿಗುವ ಪ್ರಚಾರ ಇದಕ್ಕೆ ಸಿಗುವುದಿಲ್ಲ. ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕ್ಕಲ್ ಇರುವ ಏಕಸ್ಫಟಿಕದ ನಿರ್ದಿಷ್ಟ ಮೇಲ್ಮೈ, ಅಂಥದ್ದೇ ಶುದ್ಧ ಪ್ಲಾಟಿನಂ ಮೇಲ್ಮೈಗಿಂತ ಹತ್ತು ಪಟ್ಟು ಚುರುಕು ಎಂದು 2007ರಲ್ಲಿ ವರದಿಯಾದದ್ದು ನಿಜಕ್ಕೂ ದೊಡ್ಡ ಸುದ್ದಿಯೇ. ಆದರೆ ಕೋಶದೊಳಗಿನ ಆಮ್ಲದಲ್ಲಿ ನಿಕ್ಕಲ್ ಕರಗಿ ಹೊರಬೀಳುತ್ತದೆ.

ಬಾಳಿಕೆಯೇ ನಿಜವಾದ ಪರೀಕ್ಷೆ. ವೋಲ್ಟೇಜ್ ಏರಿಳಿದಂತೆ ಸಣ್ಣ ಕಣಗಳು ಕರಗಿ ದೊಡ್ಡ ಕಣಗಳ ಮೇಲೆ ಕೂರುತ್ತವೆ, ಕೆಲವು ಎರಡು ಬದಿಗಳ ನಡುವಿನ ಪಾಲಿಮರ್ ಪೊರೆಯೊಳಗೆ ಸೇರಿ ನಿರುಪಯುಕ್ತವಾಗುತ್ತವೆ. ಬ್ಯಾಟರಿಯೊಂದನ್ನು ಜೋಡಿಸಿ ಈ ಏರಿಳಿತವನ್ನು ಅದು ಹೊರುವಂತೆ ಮಾಡಿದರೆ, ರಸಾಯನಶಾಸ್ತ್ರವನ್ನು ಮುಟ್ಟದೆಯೇ ಕೋಶದ ಆಯುಷ್ಯ ಹೆಚ್ಚುತ್ತದೆ. ಕಬ್ಬಿಣ, ಸಾರಜನಕ, ಇಂಗಾಲಗಳಿಂದಾದ ಅಗ್ಗದ ವೇಗವರ್ಧಕಗಳು ಸೋಲುತ್ತಿರುವುದೂ ಮುಖ್ಯವಾಗಿ ಬಾಳಿಕೆಯಲ್ಲೇ. ಭಾರಿ ಟ್ರಕ್ಕುಗಳ ಕೋಶ 25,000 ಗಂಟೆ ಬಾಳಬೇಕೆಂಬುದು 2030ಕ್ಕೆ ಅಮೆರಿಕದ ಇಂಧನ ಇಲಾಖೆ ಇಟ್ಟ ಗುರಿ. ಅಲ್ಲಿ ಕಾರಿಗಿಂತ ಹೆಚ್ಚು ಪ್ಲಾಟಿನಂ ಹಾಕುವುದೇ ಲೆಕ್ಕಕ್ಕೆ ಸರಿಹೊಂದುತ್ತದೆ, ಏಕೆಂದರೆ ಅಷ್ಟು ವರ್ಷಗಳಲ್ಲಿ ಬಳಕೆಯಾಗುವ ಹೈಡ್ರೋಜನ್ನಿನ ಖರ್ಚು ಲೋಹದ ಖರ್ಚನ್ನು ಸುಲಭವಾಗಿ ಮೀರಿಸುತ್ತದೆ. ಕೋಶ ಸವೆದ ಮೇಲೂ ಹಾಕಿದ ಲೋಹದ ಬಹುಪಾಲು ಅದರೊಳಗೇ ಇರುತ್ತದೆ. ಪೊರೆಯನ್ನು ಹಾಗೆಯೇ ಸುಟ್ಟರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹೊರಬರುವುದರಿಂದ, ಅದನ್ನು ಮೊದಲು ಬೇರ್ಪಡಿಸಿ ಲೋಹವನ್ನು ಮರಳಿ ಪಡೆಯುವ ವಿಧಾನಗಳ ಮೇಲೆ ಇನ್ನಷ್ಟು ಹಣ ಹೂಡಬೇಕು.