ಹೋಮ್ ನರ್ಸ್ ಹುಡುಕುವ ಮೊದಲು

ಅಮ್ಮ ಊಟಕ್ಕೆ ಕೂತಾಗಲೆಲ್ಲ "ಕಾರ್, ಕಾರ್" ಅನ್ನುತ್ತಿದ್ದರಂತೆ. ನೋಡಿಕೊಳ್ಳಲು ಬಂದಿದ್ದ ಹುಡುಗಿ ಗದಗದ ಕಡೆಯವಳು. ಸಾರು ಖಾರ ಆಯಿತೇನೋ ಎಂದುಕೊಂಡು ಮಾರನೇ ದಿನ ಮೆಣಸು ಕಡಿಮೆ ಹಾಕಿದಳು. ಆಮೇಲೆ ಸಾರನ್ನೇ ಬಿಟ್ಟು ಕುಚ್ಚಲಕ್ಕಿ ಗಂಜಿ, ಮೊಸರು ಕೊಡತೊಡಗಿದಳು. ತುಳುವಿನಲ್ಲಿ ಕಾರ್ ಅಂದರೆ ಕಾಲು. ಕಾಲು ನೋಯುತ್ತಿದೆ ಎಂದು ಅಮ್ಮ ಹೇಳುತ್ತಿದ್ದರು. ಹತ್ತು ದಿನದ ಮೇಲೆ ನಾನು ಜರ್ಮನಿಯಿಂದ ಬಂದು, ಕಟಪಾಡಿಯ ಮನೆಯಲ್ಲಿ ಹೊದಿಕೆ ಸರಿಸಿ ನೋಡಿದೆ. ಎಡಗಾಲಿನ ಹಿಮ್ಮಡಿಯಲ್ಲಿ ಎಂಟಾಣೆ ಅಗಲದ ಹುಣ್ಣು.

ಅಮ್ಮನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ 79ರ ವಯಸ್ಸಿನಲ್ಲಿ, ಸೊಂಟದ ಆಪರೇಷನ್ ಆಗಿ ಅರ್ಧ ಮಂಪರಿನಲ್ಲಿ ಇರುವಾಗ, ನೋವು ಬಾಯಿಗೆ ಬರುವುದು ಹುಟ್ಟಿದ ಮಾತಿನಲ್ಲೇ. ಆ ಹುಡುಗಿಯದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ದಿನಾ ಅಮ್ಮನ ತಲೆ ಬಾಚಿ ಹೂ ಮುಡಿಸುತ್ತಿದ್ದಳು. ರಾತ್ರಿ ನಾಲ್ಕು ಸಲ ಕರೆದರೂ ಎದ್ದು ಬರುತ್ತಿದ್ದಳು. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಿಮ್ಮಡಿ ನೋಡಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ನಾನು ಕೇಳಿದ್ದು ಒಂದೇ ಮಾತು: "ಊಟ ಮಾಡಿದ್ರಾ?"

ಅವಳು ಬಂದದ್ದಾದರೂ ಹೇಗೆ? ಜೂನ್ ತಿಂಗಳಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಆಪರೇಷನ್ ಆಯಿತು. ಬೆಂಗಳೂರಿನಿಂದ ಓಡಿ ಬಂದಿದ್ದ ಅಣ್ಣ ಆಸ್ಪತ್ರೆಯ ಕಾರಿಡಾರಿನಿಂದ ಫೋನ್ ಮಾಡಿದ. "ನಾಳೆ ಡಿಸ್ಚಾರ್ಜ್ ಅಂತೆ ಮಾರಾಯ, ಒಬ್ಬ ಹೋಮ್ ನರ್ಸ್ ಬೇಕು." ಯಾರೋ ಕೊಟ್ಟ ನಂಬರಿಗೆ ಕರೆ ಮಾಡಿದೆವು. ಅವರು ಕೇಳಿದ್ದು ಎರಡೇ ಪ್ರಶ್ನೆ: ಪೇಷಂಟ್ ಗಂಡಸಾ ಹೆಂಗಸಾ, ತೂಕ ಎಷ್ಟು? ನಾವು ಕೇಳಿದ್ದೂ ಎರಡೇ: ತಿಂಗಳಿಗೆ ಎಷ್ಟು, ಯಾವಾಗ ಬರುತ್ತಾರೆ? ಐದು ನಿಮಿಷದಲ್ಲಿ ಮಾತು ಮುಗಿಯಿತು. ಹೊಸ ಫ್ರಿಜ್ ತರುವಾಗ ಇದಕ್ಕಿಂತ ಜಾಸ್ತಿ ವಿಚಾರಿಸುತ್ತೇವೆ, ಅಲ್ವಾ?

ನಾನಿರುವುದು ಟ್ಯೂಬಿಂಗನ್‌ನಲ್ಲಿ. ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಊರು ಎಂದರೆ ನಮ್ಮವರಿಗೆ ಗುರುತು ಸಿಗುತ್ತದೆ. ಅಲ್ಲಿ ನಮ್ಮ ಮೇಲಿನ ಮನೆಯಲ್ಲಿ 86 ವರ್ಷದ ಅಜ್ಜಿ ಒಬ್ಬರೇ ಇದ್ದಾರೆ. ಅವರ ಮಗಳು ಇರುವುದು ಹ್ಯಾಂಬರ್ಗ್‌ನಲ್ಲಿ. ಎರಡು ವರ್ಷದ ಹಿಂದೆ ಅಜ್ಜಿಗೆ ಆರೈಕೆ ಬೇಕಾದಾಗ, ಎಷ್ಟು ಆರೈಕೆ ಬೇಕು ಎಂದು ಅಳೆದು ನೋಡಲು ವಿಮೆಯ ಕಡೆಯಿಂದ ಒಬ್ಬರು ಮನೆಗೆ ಬಂದರು. ಮಗಳು ಕೇಳಿಕೊಂಡಿದ್ದರಿಂದ ನಾನೂ ಜೊತೆಗೆ ಕೂತಿದ್ದೆ.

ಆ ಒಂದು ಗಂಟೆ ನನಗೆ ಮರೆಯುವುದಿಲ್ಲ. ಬಂದವರು ಕಾಯಿಲೆ ಏನು ಎಂದು ಜಾಸ್ತಿ ಕೇಳಲೇ ಇಲ್ಲ. ಹಾಸಿಗೆಯಿಂದ ಒಬ್ಬರೇ ಏಳುತ್ತೀರಾ? ಅಂಗಿಯ ಗುಂಡಿ ಹಾಕಿ ತೋರಿಸಿ. ಮಾತ್ರೆ ಯಾವುದು, ಯಾವ ಹೊತ್ತಿಗೆ? ಇವತ್ತು ಯಾವ ವಾರ? ರಾತ್ರಿ ಎಚ್ಚರವಾದರೆ ಏನು ಮಾಡುತ್ತೀರಿ? ಓಡಾಟ, ಬುದ್ಧಿ ಮತ್ತು ಮಾತು, ನಡವಳಿಕೆ, ತನ್ನ ಮೈ ತಾನೇ ನೋಡಿಕೊಳ್ಳುವುದು, ಔಷಧ ಮತ್ತು ಚಿಕಿತ್ಸೆ, ದಿನಚರಿ ಮತ್ತು ಜನರ ಒಡನಾಟ. ಹೀಗೆ ಆರು ಕಡೆಯಿಂದ ನೋಡುತ್ತಾರೆ. ಸ್ನಾನ, ಊಟ, ಬಟ್ಟೆ, ಶೌಚ ಸೇರಿದ ಭಾಗಕ್ಕೆ ನೂರರಲ್ಲಿ 40 ಪಾಲು ತೂಕ. ಆಮೇಲೆ ಒಂದರಿಂದ ಐದರವರೆಗೆ ಒಂದು ದರ್ಜೆ. ಐದು ದರ್ಜೆಯ ಈ ಪದ್ಧತಿ 2017ರಿಂದ ಇದೆ. ಆರೈಕೆಗೆಂದೇ ಇರುವ ವಿಮೆ ಶುರುವಾದದ್ದು 1995ರಲ್ಲಿ. ನನ್ನ ಸಂಬಳದಿಂದಲೂ ಪ್ರತಿ ತಿಂಗಳು ಹಿಡಿಯುತ್ತಾರೆ.

ಅಜ್ಜಿ ಆ ದಿನ ಒಳ್ಳೆಯ ಅಂಗಿ ಹಾಕಿ, ಮುತ್ತಿನ ಸರ ಹಾಕಿ ಕೂತಿದ್ದರು. ಏನು ಕೇಳಿದರೂ "ಎಲ್ಲ ನಾನೇ ಮಾಡಿಕೊಳ್ಳುತ್ತೇನೆ" ಎಂಬ ಉತ್ತರ. ಬಂದವರ ಮುಂದೆ ತಮ್ಮ ಕಷ್ಟ ಮುಚ್ಚಿಡುವುದರಲ್ಲಿ ಟ್ಯೂಬಿಂಗನ್ ಅಜ್ಜಿಯೂ ಕಟಪಾಡಿ ಅಮ್ಮನೂ ಒಂದೇ. ಮಗಳು ಫೋನಿನಲ್ಲಿ ಮೆತ್ತಗೆ, "ಅಮ್ಮ, ಸ್ನಾನ ಮಾಡಿ ಎಷ್ಟು ದಿನವಾಯಿತು ಹೇಳು" ಅಂದಾಗಲೇ ನಿಜ ಹೊರಗೆ ಬಂದದ್ದು.

ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಇದು ಎಂದು ನನಗೆ ಗಟ್ಟಿಯಾಗಿ ಅನಿಸಿದೆ. ಯಾರನ್ನು ಕರೆಯಬೇಕು ಎಂಬುದು ಆಮೇಲಿನ ಪ್ರಶ್ನೆ. ಮೊದಲು ಮನೆಯ ಮನುಷ್ಯನಿಗೆ ತಾನೇ ಏನು ಮಾಡಿಕೊಳ್ಳಲು ಆಗುತ್ತದೆ, ಯಾವುದರಲ್ಲಿ ಕೈ ಹಿಡಿಯಬೇಕು, ಯಾವುದನ್ನು ಪೂರ್ತಿ ಇನ್ನೊಬ್ಬರು ಮಾಡಬೇಕು ಎಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದು ಹಾಳೆಯಲ್ಲಿ ಬರೆಯಬೇಕು. ಇದಕ್ಕೆ ಜರ್ಮನಿಯೂ ಬೇಡ, ವಿಮೆಯೂ ಬೇಡ. ಒಂದು ಪೆನ್ನು ಸಾಕು.

ಬರೆದರೆ ಇನ್ನೊಂದು ವಿಷಯ ತಾನಾಗಿ ಕಾಣುತ್ತದೆ. ಅದರಲ್ಲಿ ಎರಡು ಜಾತಿಯ ಕೆಲಸ ಇರುತ್ತದೆ. ಗಾಯಕ್ಕೆ ಡ್ರೆಸಿಂಗ್, ಇಂಜೆಕ್ಷನ್, ಕ್ಯಾಥೆಟರ್ ಬದಲಿಸುವುದು, ಮೂಗಿನ ನಳಿಕೆ ನೋಡಿಕೊಳ್ಳುವುದು ಓದಿದ ನರ್ಸ್ ಮಾಡುವ ಕೆಲಸ. ಸ್ನಾನ, ಊಟ, ಮಗ್ಗುಲು ಬದಲಿಸುವುದು, ಕೈಹಿಡಿದು ನಡೆಸುವುದು ಆರೈಕೆಯ ಕೆಲಸ. ಜರ್ಮನಿಯಲ್ಲಿ ಇವೆರಡರ ಲೆಕ್ಕವೇ ಬೇರೆ. ಡಾಕ್ಟರ್ ಬರೆದುಕೊಟ್ಟ ಡ್ರೆಸಿಂಗ್‌ಗೆ ಆರೋಗ್ಯ ವಿಮೆ, ಸ್ನಾನಕ್ಕೆ ಆರೈಕೆ ವಿಮೆ. ಹಾಗಾಗಿ ಯಾರು ಯಾವುದಕ್ಕೆ ಬಂದಿದ್ದಾರೆ ಎಂಬ ಗೊಂದಲವೇ ಇಲ್ಲ. ನಮ್ಮ ಮಂಗಳೂರು, ಉಡುಪಿ ಕಡೆ ಎರಡಕ್ಕೂ ಒಂದೇ ಹೆಸರು: ಹೋಮ್ ನರ್ಸ್. ಆ ಹೆಸರು ಕೇಳಿಯೇ ನಾವು ನೆಮ್ಮದಿಯಾಗಿಬಿಡುತ್ತೇವೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಂದರೆ ಮೂರು ವರ್ಷದ ಓದು, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಓದಿದ ಸಿಸ್ಟರ್‌ಗೆ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ತೋರಿಸುತ್ತಾರೆ. ಮನೆ ಆರೈಕೆಗೆ 'ಹೋಮ್ ಹೆಲ್ತ್ ಏಡ್' ಎಂಬ ಚಿಕ್ಕ ತರಬೇತಿಯೂ ಇದೆ. ಅದನ್ನು ಮಾಡಿದವರು ಕೀಳು ಎಂದು ನಾನು ಹೇಳುತ್ತಿಲ್ಲ. ಅಮ್ಮನ ಹತ್ತಿರ ದಿನವಿಡೀ ಇರಬೇಕಾದವರು ಅವರೇ. ಆದರೆ ಹುಣ್ಣಿಗೆ ಡ್ರೆಸಿಂಗ್ ಮಾಡು ಎಂದು ಅವರ ಕೈಗೆ ಹತ್ತಿ ಕೊಟ್ಟರೆ ಅದು ನಮ್ಮ ತಪ್ಪು.

ಕಡೆಗೆ ನಮ್ಮ ಮನೆಯಲ್ಲಿ ಹೀಗೇ ಮಾಡಿದೆವು. ಗದಗದ ಹುಡುಗಿ ಹಾಗೇ ಇದ್ದಳು. ವಾರಕ್ಕೆ ಮೂರು ದಿನ ಜಿಎನ್‌ಎಂ ಓದಿದ ಸಿಸ್ಟರ್ ಒಬ್ಬರು ಬಂದು ಡ್ರೆಸಿಂಗ್ ಮಾಡಿ ಹೋಗತೊಡಗಿದರು. ಮೊದಲ ದಿನವೇ ಅವರು ನಮ್ಮಿಬ್ಬರನ್ನೂ ಹಾಸಿಗೆಯ ಹತ್ತಿರ ಕರೆದರು. ಚರ್ಮ ಕೆಂಪಾದ ಜಾಗವನ್ನು ಬೆರಳಿನಲ್ಲಿ ಒತ್ತಿ ಬಿಡಬೇಕು. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಒತ್ತಿದರೂ ಹಾಗೇ ಇದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. "ನಮ್ಮ ಮೈಬಣ್ಣಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಮುಟ್ಟಿ ನೋಡಿ. ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ?" ಅಂದರು. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಯಾವುದಕ್ಕೂ ತಾಗದಂತೆ ಎತ್ತಿ ಇಟ್ಟರು. ಊಟಕ್ಕೆಂದು ಮಂಚದ ತಲೆ ಎತ್ತಿದಾಗ ಮೈ ಕೆಳಗೆ ಜಾರುತ್ತದೆ, ಹಿಮ್ಮಡಿ ಹಾಸಿಗೆಗೆ ಉಜ್ಜುತ್ತದೆ. ಅಮ್ಮ ಊಟದ ಹೊತ್ತಿಗೇ "ಕಾರ್" ಅನ್ನುತ್ತಿದ್ದದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು. ಆ ಹುಡುಗಿ ಅಲ್ಲೇ ನಿಂತು ಅತ್ತುಬಿಟ್ಟಳು. ಅಮ್ಮ ಅವಳ ಕೈ ಹಿಡಿದುಕೊಂಡರು.

ಇಷ್ಟನ್ನು ಕಲಿಯಲು ಹುಣ್ಣು ಆಗಬೇಕಿರಲಿಲ್ಲ. ಡಿಸ್ಚಾರ್ಜ್ ಹಿಂದಿನ ದಿನವೇ ವಾರ್ಡಿನ ಸಿಸ್ಟರ್ ಹತ್ತಿರ, "ಮಗ್ಗುಲು ಬದಲಿಸುವುದು, ವಾಕರ್ ಹಿಡಿಸುವುದು ಹೇಗೆ ಎಂದು ಒಮ್ಮೆ ತೋರಿಸಿ, ನಾನು ಮಾಡುತ್ತೇನೆ, ತಪ್ಪಿದರೆ ಹೇಳಿ" ಎಂದು ಕೇಳಿದ್ದರೆ ಸಾಕಿತ್ತು. ಜರ್ಮನಿಯಲ್ಲಿ ಮನೆಯವರಿಗೆಂದೇ ಉಚಿತ ತರಗತಿ ಇವೆ, ವಿಮೆಯವರೇ ನಡೆಸುತ್ತಾರೆ. ಏಜೆನ್ಸಿ ಬೇಡ, ವಿಮೆಯ ಹಣ ತೆಗೆದುಕೊಂಡು ಮನೆಯವರೇ ನೋಡಿಕೊಳ್ಳುತ್ತೇವೆ ಎಂದರೆ ಅದಕ್ಕೂ ಅವಕಾಶ ಇದೆ. ಆದರೆ ಎರಡು, ಮೂರನೇ ದರ್ಜೆಯವರ ಮನೆಗೆ ಆರು ತಿಂಗಳಿಗೊಮ್ಮೆ ತಿಳಿದವರು ಬಂದು ಸಲಹೆ ಕೊಟ್ಟು ಹೋಗಲೇಬೇಕು.

ಮಳೆಗಾಲದ ನಮ್ಮ ಕರಾವಳಿಗೆ ಅಲ್ಲಿನವರ ಹತ್ತಿರ ಉತ್ತರ ಇಲ್ಲದ ತೊಂದರೆಗಳೂ ಇವೆ. ಆಟಿ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ. ಅರೆ ಒಣಗಿದ ಬೆಡ್‌ಶೀಟ್ ಹಾಸಿದರೆ ಚರ್ಮ ಬೇಗ ಕೆಡುತ್ತದೆ. ಏರ್ ಬೆಡ್ ತಂದೆವು, ಸರಿ. ಗಾಳಿ ಬಂದು ಕರೆಂಟ್ ಹೋದರೆ ಅದರ ಪಂಪ್ ನಿಲ್ಲುತ್ತದೆ. ಇನ್ವರ್ಟರ್‌ಗೆ ಫ್ಯಾನಿನ ಜೊತೆ ಆ ಪ್ಲಗ್ ಕೂಡ ಸೇರಿಸಬೇಕು ಎಂದು ಗೊತ್ತಾಗಲು ನಮಗೆ ಒಂದು ರಾತ್ರಿ ಬೇಕಾಯಿತು.

ಜರ್ಮನಿ ಎಲ್ಲದರಲ್ಲೂ ಮೇಲು ಎಂದು ಬರೆದರೆ ಸುಳ್ಳಾಗುತ್ತದೆ. ಮೇಲಿನ ಮನೆಯ ಅಜ್ಜಿಗೆ ಬೆಳಿಗ್ಗೆ ಬರುವವರು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಕಾಲುಚೀಲ ಹಾಕಿ, ಮಾತ್ರೆ ಕೊಟ್ಟು, ಫೈಲಿನಲ್ಲಿ ಬರೆದು, ಮುಂದಿನ ಮನೆಗೆ ಓಟ. ಆಮೇಲೆ ಮಧ್ಯಾಹ್ನದವರೆಗೆ ಒಂದು ಮಾತಿಲ್ಲ. ವಿಮೆ ಎಲ್ಲ ಖರ್ಚನ್ನೂ ಕೊಡುವುದಿಲ್ಲ, ಉಳಿದದ್ದು ಕೈಯಿಂದಲೇ. ಕಟಪಾಡಿಯಲ್ಲಿ ಅಮ್ಮನ ಮಂಚವನ್ನು ಚಾವಡಿಗೆ ತಂದು ಹಾಕಿದ ದಿನದಿಂದ ಜನ ಬರುವುದು ನಿಂತಿಲ್ಲ. ಪಕ್ಕದ ಮನೆಯ ಅಕ್ಕ ಮಲ್ಲಿಗೆ ಕಟ್ಟಲು ಇಲ್ಲೇ ಬಂದು ಕೂರುತ್ತಾರೆ. ಆ ಮಾತುಕತೆಯಿಂದಲೇ ಅಮ್ಮನ ಮಂಪರು ಬಿಟ್ಟದ್ದು ಎಂದು ನಾನು ನಂಬಿದ್ದೇನೆ. ಯಾವ ದರ್ಜೆಯಲ್ಲೂ ಇದನ್ನು ಬರೆಯಲು ಆಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಎರಡೂ ಊರು ಒಂದೇ ತಪ್ಪು ಮಾಡುತ್ತಿವೆ. ಅದನ್ನು ಹೇಳದೆ ಇರಲಾರೆ. "24 ಗಂಟೆಯ ಹೋಮ್ ನರ್ಸ್" ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಓಡಾಡುತ್ತದೆ. ಒಬ್ಬಳೇ ಹುಡುಗಿ, ಹಗಲೂ ಅವಳೇ, ರಾತ್ರಿಯೂ ಅವಳೇ. ಮಂಚದ ಪಕ್ಕ ಚಾಪೆ. ವಾರದ ರಜೆ ಇಲ್ಲ. ಮೇಲೆ ಮನೆಯವರಿಗೆಲ್ಲ ಅಡುಗೆ, ಗುಡಿಸುವುದು. ಜರ್ಮನಿಯಲ್ಲೂ ಪೋಲೆಂಡ್, ಬಲ್ಗೇರಿಯಾ ಕಡೆಯ ಹೆಂಗಸರು ಮನೆಯಲ್ಲೇ ಉಳಿದು ಹೀಗೆ ದುಡಿಯುತ್ತಾರೆ. ಬಲ್ಗೇರಿಯಾದ ಒಬ್ಬರು ಕೋರ್ಟಿಗೆ ಹೋದರು. ಕರೆದರೆ ಏಳಬೇಕು ಎಂದು ಕಾದಿರುವ ಹೊತ್ತಿಗೂ ಕನಿಷ್ಠ ಕೂಲಿ ಕೊಡಲೇಬೇಕು ಎಂದು ಅಲ್ಲಿನ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ 2021ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಅದನ್ನು ಓದಿದಾಗ ನನಗೆ ಕಣ್ಣಿಗೆ ಬಂದದ್ದು ನಮ್ಮ ಮನೆಯ ಆ ಚಾಪೆ. ನಿದ್ದೆ ಇಲ್ಲದ ಹುಡುಗಿ ರಾತ್ರಿ ಎರಡಕ್ಕೆ ಎದ್ದು ಮಗ್ಗುಲು ಬದಲಿಸುವುದು ಹೇಗೆ? ಈಗ ರಾತ್ರಿಗೆ ಊರಿನವರೇ ಒಬ್ಬರು ಬರುತ್ತಾರೆ. ಭಾನುವಾರ ಹುಡುಗಿಗೆ ರಜೆ, ಆ ದಿನ ಅತ್ತಿಗೆಯೋ ಚಿಕ್ಕಮ್ಮನೋ ಇರುತ್ತಾರೆ. ಖರ್ಚು ಹೆಚ್ಚಾಯಿತು. ಅಣ್ಣನೂ ನಾನೂ ಹಂಚಿಕೊಂಡಿದ್ದೇವೆ.

ಖರ್ಚಿನ ಬಗ್ಗೆ ಇನ್ನೊಂದೇ ಮಾತು. ಅಮ್ಮನ ಪಾಲಿಸಿಯಲ್ಲಿ 'ಡೊಮಿಸಿಲಿಯರಿ' ಎಂಬ ಪದ ಕಂಡು ಮನೆ ಆರೈಕೆಗೂ ದುಡ್ಡು ಬರುತ್ತದೆ ಎಂದುಕೊಂಡಿದ್ದೆ. ಅದು ಆಸ್ಪತ್ರೆಗೆ ಸೇರಿಸಲೇಬೇಕಾದ ರೋಗಿಯನ್ನು ಸಾಗಿಸಲು ಆಗದೆ ಮನೆಯಲ್ಲೇ ಚಿಕಿತ್ಸೆ ಕೊಟ್ಟಾಗ ಸಿಗುವಂಥದ್ದು. ಆರೈಕೆಯವರ ತಿಂಗಳ ಸಂಬಳ ಅದರಲ್ಲಿ ಬರುವುದಿಲ್ಲ. ಮೊದಲೇ ಓದಿಕೊಳ್ಳಿ. ಏಜೆನ್ಸಿಯವರ ಹತ್ತಿರವೂ ಮೊದಲೇ ಕೇಳಿ ಬರೆಸಿಕೊಳ್ಳಿ: ಬಂದವರು ಹುಷಾರು ತಪ್ಪಿದರೆ ಬದಲಿಗೆ ಯಾರು, ಎಷ್ಟು ಹೊತ್ತಿನಲ್ಲಿ? ಮೇಲ್ವಿಚಾರಣೆಗೆ ಯಾರಾದರೂ ಬರುತ್ತಾರಾ? ನಾವು ಕೊಡುವುದರಲ್ಲಿ ಆ ಹುಡುಗಿಯ ಕೈಗೆ ಎಷ್ಟು ಹೋಗುತ್ತದೆ? ಕೊನೆಯ ಪ್ರಶ್ನೆಗೆ ಸುಮ್ಮನಾಗುವವರ ಹತ್ತಿರ ನಾನಾದರೆ ವ್ಯವಹಾರ ಮಾಡುವುದಿಲ್ಲ.

ಮಂಚದ ಪಕ್ಕ ಈಗ ಒಂದು ನೋಟ್‌ಬುಕ್ ಇದೆ. ಅಜ್ಜಿಯ ಮನೆಯ ಫೈಲ್ ನೋಡಿ ಕಲಿತದ್ದು. ಯಾವಾಗ ಮಗ್ಗುಲು, ಎಷ್ಟು ನೀರು, ಯಾವ ಮಾತ್ರೆ, ವಾಕರ್ ಹಿಡಿದು ಎಷ್ಟು ಹೆಜ್ಜೆ, ಚರ್ಮ ಹೇಗಿದೆ. ರಾತ್ರಿ ಆ ಪುಟದ ಫೋಟೋ ವಾಟ್ಸಾಪ್‌ನಲ್ಲಿ ನನಗೂ ಅಣ್ಣನಿಗೂ ಬರುತ್ತದೆ. ಮೊದಲ ಪುಟದಲ್ಲಿ ಮಾತ್ರ ತುಳು. ಕಾರ್ ಅಂದರೆ ಕಾಲು. ತರೆ ಅಂದರೆ ತಲೆ. ಬೆರಿ ಬೆನ್ನು, ಬಂಜಿ ಹೊಟ್ಟೆ, ಬಾಜೆಲ್ ಬಾಯಾರಿಕೆ. ಹುಡುಗಿ ತಾನೇ ಬರೆದುಕೊಂಡದ್ದು.

ಡ್ರೆಸಿಂಗ್‌ಗೆ ಬರುತ್ತಿದ್ದ ಸಿಸ್ಟರ್ ಸಂಜೆ ಮಂಗಳೂರಿನಲ್ಲಿ ಜರ್ಮನ್ ತರಗತಿಗೆ ಹೋಗುತ್ತಾರೆ. ಬಿ2 ಎಂಬ ಮಟ್ಟದ ಭಾಷಾ ಪರೀಕ್ಷೆ ಪಾಸಾದರೆ ಜರ್ಮನಿಗೆ ಹೋಗುವ ಯೋಚನೆ. ನಾನು ಹೊರಡುವ ಹಿಂದಿನ ದಿನ ಹುಣ್ಣಿನ ಅಂಚು ಅಳೆಯುತ್ತಾ, "ಅಲ್ಲಿನ ಅಜ್ಜಿಯರ ಮಾತು ಅರ್ಥವಾಗುತ್ತದಾ ಸರ್?" ಎಂದು ಕೇಳಿದರು. ನಾನು ನನಗೆ ತಿಳಿದ ಒಂದನ್ನು ಹೇಳಿದೆ. ತರಗತಿಯಲ್ಲಿ ಫುಸ್ ಅಂದರೆ ಪಾದ ಎಂದು ಕಲಿಸಿರುತ್ತಾರೆ. ನಮ್ಮ ಟ್ಯೂಬಿಂಗನ್ ಕಡೆಯ ಹಳಬರು ಶ್ವಾಬಿಯನ್ ಮಾತಿನವರು, ಅವರಿಗೆ ಫುಸ್ ಅಂದರೆ ಸೊಂಟದಿಂದ ಹೆಬ್ಬೆರಳವರೆಗೂ ಇಡೀ ಕಾಲು. ಅಜ್ಜಿ ಫುಸ್ ನೋಯುತ್ತದೆ ಎಂದರೆ ಪಾದ ಮಾತ್ರ ನೋಡಿ ಹೊದಿಕೆ ಮುಚ್ಚಬೇಡಿ. ಅವರು ಗ್ಲೌಸ್ ತೆಗೆದು, ಕೈ ತೊಳೆದು ಬಂದು, ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು.