ಕಾಂದಾ ಎಂಬ ಅಡ್ಡಹೆಸರು

ಒಂದು ಭಾನುವಾರ ಡೊಂಬಿವ್ಲಿಯಿಂದ ಮುಂಬೈಯ ಮಾಟುಂಗಾಕ್ಕೆ ಹೊರಟಿದ್ದೆವು. ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕವಿತ್ತು. ಹಳಿ ದುರಸ್ತಿಗೆಂದು ರೈಲು ಕಡಿಮೆ ಮಾಡುವ ಮೆಗಾಬ್ಲಾಕ್ ದಿನ, ಬಂದ ಲೋಕಲ್‌ಗಳೆಲ್ಲ ಬಾಗಿಲವರೆಗೂ ತುಂಬಿದ್ದವು. ಹನ್ನೊಂದು ವರ್ಷದ ಮಗನಿಗೆ ಈ ವರ್ಷವಷ್ಟೇ ಮೇಲಿನ ಹಿಡಿಕೆ ಎಟುಕತೊಡಗಿದೆ. ಆ ಹೆಮ್ಮೆಯಲ್ಲಿ ಸೀಟು ಖಾಲಿಯಾದರೂ ಕೂರುವುದಿಲ್ಲ. ಠಾಣೆ ದಾಟಿದ ಮೇಲೆ ಅವನು ಕೈ ಎತ್ತಿ ಹಿಡಿಕೆ ಹಿಡಿದ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ಮುಖವನ್ನು ಮೆಲ್ಲಗೆ ಕಿಟಕಿಯತ್ತ ತಿರುಗಿಸಿದರು. ನನ್ನ ಮೂಗಿಗೂ ಬಡಿಯಿತು. ಆಡಿ ಬಂದ ಮಗುವಿನ ಬೆವರಲ್ಲ ಅದು, ದೊಡ್ಡವರ ಬೆವರು. ನಾನು ಏನೂ ಹೇಳಲಿಲ್ಲ. ನಾಟಕ ನೋಡಿದೆವು, ಬಂದೆವು.

ಮೂರು ವಾರದ ನಂತರ ಅವನೇ ಕೇಳಿದ. ಶಾಲೆಯಿಂದ ಬಂದವನು ಬೂಟು ಕೂಡ ಬಿಚ್ಚದೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಪ್ಪಾ, ನನ್ನ ಮೈ ಕಾಂದಾ ವಾಸನಿ ಹೊಡಿತೈತೇನು?" ಅಂದ. ಕಾಂದಾ ಅಂದರೆ ಈರುಳ್ಳಿ, ಮನೆಯಲ್ಲಿ ನಾವು ಉಳ್ಳಾಗಡ್ಡಿ ಅನ್ನುವವರು. ಬೈಗುಳ ಅವನಿಗೆ ಮರಾಠಿಯಲ್ಲಿ ಸಿಕ್ಕಿತ್ತು, ಹಾಗೇ ಮನೆಗೆ ತಂದಿದ್ದ. ಕ್ಲಾಸಿನಲ್ಲಿ ಅದು ಆಗಲೇ ಅವನ ಹೆಸರಾಗಿತ್ತು.

ಹೆಸರಿಟ್ಟ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಅವರ ಮೂಗು ಸುಳ್ಳು ಹೇಳಿರಲಿಲ್ಲ. ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆಂದೇ ಹೇಳಬೇಕು. ಮೈಯೆಲ್ಲ ಹರಡಿರುವ ಗ್ರಂಥಿಗಳು ಸುರಿಸುವುದು ಉಪ್ಪುನೀರು, ಮೈ ತಂಪಾಗಿಡಲು. ಕಂಕುಳು ಮತ್ತು ತೊಡೆಸಂದಿಯಲ್ಲಿ ಇನ್ನೊಂದು ಜಾತಿಯ ಗ್ರಂಥಿಗಳಿವೆ, ಅಪೊಕ್ರೈನ್ ಅಂತ. ಹುಟ್ಟಿದಾಗಿನಿಂದ ಇದ್ದರೂ ನಿದ್ದೆಯಲ್ಲಿರುತ್ತವೆ. ಪ್ರಾಯ ಹತ್ತಿರ ಬಂದಾಗ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಹಾರ್ಮೋನು ಅವನ್ನು ಎಬ್ಬಿಸುತ್ತದೆ. ಅವು ಬಿಡುವ ಜಿಡ್ಡಿನಂಥ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ತಿಂದು ವಾಸನೆ ಹೊರಡಿಸುತ್ತವೆ. ಅದರಲ್ಲಿ ಸ್ಟ್ಯಾಫಿಲೊಕಾಕಸ್ ಹೊಮಿನಿಸ್ ಎಂಬುದು ಗಂಧಕದ ಸಂಯುಕ್ತಗಳನ್ನು ತಯಾರಿಸುತ್ತದೆ. ಉಳ್ಳಾಗಡ್ಡಿಯ ಘಾಟಿಗೂ ಗಂಧಕವೇ ಮೂಲ. ಇದನ್ನು ಮಗನಿಗೆ ಹೇಳಿದಾಗ ಅವನ ಮುಖ ಸ್ವಲ್ಪ ಅರಳಿತು. ತಾನು ಗಲೀಜಲ್ಲ, ತನ್ನ ಮೈಮೇಲೆ ಯಾರೋ ಬಾಡಿಗೆಗಿದ್ದಾರೆ ಅನ್ನುವುದು ಅವನಿಗೆ ಹಿಡಿಸಿತು.

ಲೋಕಲ್‌ನಲ್ಲಿ ನಾನು ಯಾಕೆ ಸುಮ್ಮನಿದ್ದೆ ಅನ್ನುವುದನ್ನು ಆಮೇಲೆ ಬಹಳ ಯೋಚಿಸಿದೆ. ಧಾರವಾಡದ ನಮ್ಮ ಮನೆಯಲ್ಲಿ ಈ ಮಾತಿಗೆ ಭಾಷೆಯೇ ಇರಲಿಲ್ಲ. ನಮಗೆ ಬೆವರೆಂದರೆ ಗೌರವ. ಬೆವರು ಸುರಿಸಿ ದುಡಿದವನು ಅಂದರೆ ದೊಡ್ಡ ಹೊಗಳಿಕೆ. ಆದರೆ ಅದೇ ಬೆವರು ಮೂಗಿಗೆ ಬಂದರೆ 'ನಾರ್ತಾನ' ಎನ್ನುವುದೊಂದೇ ಮಾತು, ಅದನ್ನು ಕೇಳಿದ ಹುಡುಗ ಸತ್ತಂತಾಗುತ್ತಾನೆ. 'ವಾಸನೆ' ಒಂದು ಕಾಲಕ್ಕೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುತ್ತಿದ್ದ ಪದ, ಈಗ ಕೆಟ್ಟದ್ದಕ್ಕೇ ಮೀಸಲು. ಹೆಣ್ಣುಮಕ್ಕಳು ದೊಡ್ಡವರಾದಾಗ ಸೀರೆ ಉಡಿಸಿ ಆರತಿ ಮಾಡುವ ನಾವು ಗಂಡುಹುಡುಗ ದೊಡ್ಡವನಾಗುವಾಗ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತೇವೆ. ಆರತಿ ಮಾಡಿಸಿಕೊಂಡ ಹುಡುಗಿಗಾದರೂ ಕಂಕುಳಿನ ಬಗ್ಗೆ ಯಾರು ಹೇಳುತ್ತಾರೆ?

ನಮ್ಮ ಎದುರು ಮನೆಯ ಕಾಕು ಅವರ ರೀತಿ ಬೇರೆ. ಮೊಮ್ಮಗ ಕ್ರಿಕೆಟ್ ಆಡಿ ಮೆಟ್ಟಿಲು ಹತ್ತಿ ಬರುವಾಗಲೇ, "ಘಾಮಾಚಾ ವಾಸ ಯೇತೋಯ, ಜಾ ಆಧೀ ಅಂಘೋಳ ಕರ" ಎಂದು ಬಾಗಿಲಲ್ಲೇ ಹೇಳುತ್ತಾರೆ. ಬೆವರಿನ ವಾಸನೆ ಬರ್ತಿದೆ, ಮೊದಲು ಸ್ನಾನ ಮಾಡು, ಅಷ್ಟೇ. ಕಾಲು ತೊಳೆದು ಬಾ ಅನ್ನುವಷ್ಟೇ ಸಲೀಸಾಗಿ. ಹುಡುಗ ಬ್ಯಾಟು ಮೂಲೆಗಿಟ್ಟು ಬಚ್ಚಲಿಗೆ ಹೋಗುತ್ತಾನೆ. ಎಲ್ಲ ಮರಾಠಿ ಮನೆಗಳೂ ಹೀಗೇ ಎಂದು ನಾನು ಹೇಳಲಾರೆ, ಎಲ್ಲ ಕನ್ನಡದ ಮನೆಗಳೂ ನಮ್ಮಂತೆ ಮೂಕವೂ ಇರಲಿಕ್ಕಿಲ್ಲ. ಆದರೆ ಅದನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಒಂದು ತಕರಾರು ಮಾತ್ರ ಇದೆ: ಕಾಕು ಅದನ್ನು ಇಡೀ ಮಹಡಿಗೆ ಕೇಳುವಂತೆ ಹೇಳುತ್ತಾರೆ. ಎಂಟು ವರ್ಷದವನಿಗೆ ಅದು ನಡೆಯುತ್ತದೆ, ಹನ್ನೆರಡರವನಿಗೆ ನಡೆಯುವುದಿಲ್ಲ.

ಹತ್ತನೆಯ ವಯಸ್ಸಿನ ಚುಚ್ಚುಮದ್ದಿಗೆ ಹೋದಾಗ ಮಕ್ಕಳ ಡಾಕ್ಟರು ಇದನ್ನೆಲ್ಲ ಹೇಳಿದ್ದರು, ನಾನು ತಲೆಯಾಡಿಸಿ ಮರೆತಿದ್ದೆ. ಧ್ವನಿ ಒಡೆಯುವ ಮೊದಲೇ, ಮೀಸೆ ಚಿಗುರುವ ಮೊದಲೇ ಬೆವರಿನ ವಾಸನೆ ಬದಲಾಗಬಹುದಂತೆ. ಹೆಣ್ಣುಮಕ್ಕಳಿಗೆ 8, ಗಂಡುಮಕ್ಕಳಿಗೆ 9 ತುಂಬುವ ಮೊದಲೇ ಹೀಗಾದರೆ, ಅದರ ಜೊತೆ ಕೂದಲೂ ಬರತೊಡಗಿದರೆ ತೋರಿಸಬೇಕು. ಅದರಾಚೆಗಿನದು ರೋಗವಲ್ಲ, ವಯಸ್ಸು.

ಇನ್ನು ಸ್ನಾನದ ಮಾತು. ನಾನು ಹುಡುಗನಾಗಿದ್ದಾಗ ದಿನಕ್ಕೊಂದು ಸ್ನಾನ, ಹಂಡೆಯ ಬಿಸಿನೀರು, ಭಾನುವಾರ ಅವ್ವನ ಕೈಯ ಎಣ್ಣೆ, ಸೀಗೆಕಾಯಿ. ಯಾರೂ ನನ್ನ ಮೂಗು ಹಿಡಿದಿರಲಿಲ್ಲ. ಹಾಗಾಗಿ ಮಗನೂ ಬೆಳಿಗ್ಗೆ ಎರಡು ಬಕೆಟ್ ಸುರಿದುಕೊಂಡರೆ ಸಾಕೆಂದುಕೊಂಡಿದ್ದೆ. ಆದರೆ ಧಾರವಾಡ ಸುಮಾರು 750 ಮೀಟರ್ ಎತ್ತರದ ಊರು, ಬೆವರು ಬಂದದ್ದು ಗಾಳಿಗೇ ಆರುತ್ತಿತ್ತು. ಇಲ್ಲಿ ಮಳೆಗಾಲದಲ್ಲಿ ಗಾಳಿಯ ತೇವ ಶೇ. 80 ದಾಟುವುದು ದಿನದ ಮಾತು. ಬೆವರು ಆರುವುದಿಲ್ಲ, ಮೈಮೇಲೇ ಕೂರುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಬೆಚ್ಚಗಿನ ಒದ್ದೆ ಜಾಗವೇ. ಹಾಗಾಗಿ ಮುಂಬೈಯಲ್ಲಿ ತೊಳೆಯುವುದು ಅರ್ಧ ಕೆಲಸ, ಒರೆಸುವುದು ಇನ್ನರ್ಧ. ನಮ್ಮವನು ಟವೆಲನ್ನು ಹೆಗಲಿಗೆ ಮುಟ್ಟಿಸಿ ಅಂಗಿ ತೊಟ್ಟುಬಿಡುತ್ತಿದ್ದ. ಈಗ ಕಂಕುಳಿಗೆ, ತೊಡೆಸಂದಿಗೆ, ಕಾಲ್ಬೆರಳ ಸಂದಿಗೆ ಸೋಪು. ಆಮೇಲೆ ಅಲ್ಲೆಲ್ಲ ಒಣ ಟವೆಲು. ಆಮೇಲೆ ಎರಡು ನಿಮಿಷ ಫ್ಯಾನಿನ ಕೆಳಗೆ ಕೈ ಎತ್ತಿ ನಿಲ್ಲುವುದು. ಈ ಕೊನೆಯದನ್ನು ಅವನು ಬಹಳ ಗಂಭೀರವಾಗಿ ಮಾಡುತ್ತಾನೆ, ರಾಷ್ಟ್ರಗೀತೆಗೆ ನಿಂತವನ ಹಾಗೆ. ಸಂಜೆ ಶಾಲೆಯಿಂದ ಬಂದ ಮೇಲೆ ಇನ್ನೊಂದು ಸ್ನಾನ, ನಲ್ಲಿಯಲ್ಲಿ ನೀರಿದ್ದರೆ.

ಅವನ ಗೆಳೆಯರ ಉಪಾಯ ಇದಲ್ಲ. ಆರನೇ ಕ್ಲಾಸಿನ ಅರ್ಧ ಹುಡುಗರ ಬ್ಯಾಗಿನಲ್ಲಿ ಸ್ಪ್ರೇ ಡಬ್ಬಿ ಇರುತ್ತದೆ. ಆಟ ಮುಗಿದದ್ದೇ ಬೆವೆತ ಅಂಗಿಯ ಮೇಲೇ ಬುಸ್ಸೆಂದು ಹೊಡೆದುಕೊಳ್ಳುತ್ತಾರೆ. ಉಳ್ಳಾಗಡ್ಡಿಗೆ ಅತ್ತರು ಬೆರೆಸಿದ ಹಾಗಿನ ಆ ವಾಸನೆಯನ್ನು ಒಮ್ಮೆ ಅವರ ಸ್ಕೂಲ್ ಬಸ್ಸಿಗೆ ತಲೆ ಹಾಕಿ ಅನುಭವಿಸಿದ್ದೇನೆ. ಡಿಯೋಡರೆಂಟು ವಾಸನೆ ಮುಚ್ಚುತ್ತದೆ, ಹೆಚ್ಚೆಂದರೆ ಬ್ಯಾಕ್ಟೀರಿಯಾ ತಗ್ಗಿಸುತ್ತದೆ. ಬೆವರು ಕಡಿಮೆ ಮಾಡಲು ಅಲ್ಯುಮಿನಿಯಂ ಲವಣವಿರುವ ಆಂಟಿಪರ್ಸ್‌ಪಿರೆಂಟು ಬೇಕು, ಅದನ್ನೂ ರಾತ್ರಿ ಒಣ ಚರ್ಮಕ್ಕೆ ಹಚ್ಚಿದರೆ ಚೆನ್ನಾಗಿ ಹಿಡಿಯುತ್ತದೆ. ಸ್ಪ್ರೇ ಡಬ್ಬಿಯ ಒಳಗಿನ ಅನಿಲ ಬೆಂಕಿ ಹಿಡಿಯುವಂಥದ್ದು. ಈ ಊರಿನ ಎಷ್ಟೋ ಫ್ಲಾಟುಗಳ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ. ಬಾಗಿಲು ಹಾಕಿಕೊಂಡು ಅಲ್ಲಿ ಸ್ಪ್ರೇ ಹೊಡೆಯುವ ಹುಡುಗನನ್ನು ನೆನೆಸಿಕೊಂಡರೆ ನನಗೆ ವಾಸನೆಯೇ ವಾಸಿ ಅನ್ನಿಸುತ್ತದೆ.

ನಮ್ಮ ಮನೆಗೆ ಬಂದದ್ದು ಸ್ಫಟಿಕದ ಗಡ್ಡೆ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಇಲ್ಲಿ ಅದಕ್ಕೆ ತುರಟಿ ಅನ್ನುತ್ತಾರೆ. ಅದೂ ಅಲ್ಯುಮಿನಿಯಂ ಲವಣವೇ. ಕಾಕು ಕೊಟ್ಟ ತುಂಡನ್ನು ನೀರಲ್ಲಿ ಅದ್ದಿ, ಸ್ನಾನವಾದ ಮೇಲೆ ಕಂಕುಳಿಗೆ ಒಂದು ಸಲ ಎಳೆಯುತ್ತಾನೆ. ಚರ್ಮ ಉರಿದ ದಿನ ಬೇಡ. ನಿಂಬೆಹಣ್ಣು, ಸೋಡಾಪುಡಿ ಉಜ್ಜುವ ಸಲಹೆಗಳೂ ಬಂದವು. ಎಳೆಯ ಚರ್ಮ ಸುಡುತ್ತದೆಂದು ಹೆಂಡತಿ ಅವನ್ನು ಬಾಗಿಲಲ್ಲೇ ತಡೆದಳು.

ಇಷ್ಟೆಲ್ಲ ಮಾಡಿದರೂ ಒಂದು ವಾರ ವಾಸನೆ ಹೋಗಲಿಲ್ಲ. ಕಳ್ಳ ಸಿಕ್ಕಿದ್ದು ಇಸ್ತ್ರಿ ಮಾಡುವಾಗ. ಒಗೆದು, ಬಾಲ್ಕನಿಯಲ್ಲಿ ಎರಡು ದಿನ ಆರಿಸಿದ್ದ ಪಿ.ಟಿ. ಅಂಗಿಯ ಕಂಕುಳಿಗೆ ಬಿಸಿ ತಾಗಿದ್ದೇ ತಡ, ಗಪ್ಪೆಂದು ಎದ್ದಿತು ಕಾಂದಾ. ಪಾಲಿಯೆಸ್ಟರ್ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿಯಷ್ಟು ಸುಲಭವಾಗಿ ಬಿಡುವುದಿಲ್ಲ. ಅದರ ಮೇಲೆ ಜುಲೈ ತಿಂಗಳ ಮುಗ್ಗಲು. ಈಗ ಅಂಗಿಯನ್ನು ಒಳಮೈ ಹೊರಗೆ ತಿರುಗಿಸಿ, ಬೆಚ್ಚಗಿನ ಸೋಪುನೀರಲ್ಲಿ ಅರ್ಧ ಗಂಟೆ ನೆನೆಸಿ, ಕಂಕುಳ ಹೊಲಿಗೆಯನ್ನು ಬೆರಳಲ್ಲಿ ತಿಕ್ಕುತ್ತೇವೆ. ತಿಕ್ಕುವವನು ಅವನೇ.

ಪಾಲಕರ ಸಭೆಯಲ್ಲಿ ಪಿ.ಟಿ. ಅಂಗಿಯನ್ನು ಹತ್ತಿಯದು ಮಾಡಬಾರದೇ ಎಂದು ಕೇಳಿದೆ. ಬಣ್ಣ ಹೋಗುತ್ತದೆ ಅಂದರು. ವಾರಕ್ಕೆ ಮೂರು ದಿನ ಆಟ, ಒಂದೇ ಅಂಗಿ, ಹೊರಗೆ ಮಳೆ. ಕೊನೆಗೆ ಎರಡನೆಯದನ್ನು ಕೊಂಡೆವು. ಅದೂ ಪಾಲಿಯೆಸ್ಟರೇ.