ಇನ್ನೊಂದ್ ಸಲ!

ಶಾಲೆಯಿದ್ದಾಗ ನಮ್ಮ ಚಿಕ್ಕವನನ್ನು ಏಳೂವರೆಗೆ ಎಬ್ಬಿಸುವುದೆಂದರೆ ಒಂದು ಯುದ್ಧ. ಹೊದಿಕೆ ಎಳೆದರೆ ಅದರ ಜೊತೆಗೆ ಅವನೂ ಮಲಗಿಕೊಂಡೇ ಜಾರಿ ಬರುತ್ತಾನೆ. ಬೇಸಿಗೆ ರಜೆ ಶುರುವಾಗಿ ಮೂರು ದಿನ ಆಗಲಿ, ಅದೇ ಹುಡುಗ ಬೆಳಗಿನ ಆರಕ್ಕೇ ಸೋಫಾದ ಮೇಲೆ ಕುಪ್ಪಳಿಸುತ್ತಿರುತ್ತಾನೆ. ಅವನ ಅಕ್ಕ ತನ್ನ ಸರದಿಗೆ ಕಾಯುತ್ತಿರುತ್ತಾಳೆ. ಅವನಿಗೆ ಆರು, ಅವಳಿಗೆ ಒಂಬತ್ತು. ಸದ್ದು ಮಾತ್ರ ಒಂದು ತರಗತಿಯಷ್ಟು.

ಈ ಸಲ ನಾನೊಂದು ಯೋಜನೆ ಹಾಕಿದ್ದೆ. "ದಿನಾ ಸಂಜೆ ಚೆನ್ನಾಗಿ ಓಡಾಡಿಸಿ ಸುಸ್ತು ಮಾಡಿಸ್ತೀನಿ. ಎಂಟೂವರೆಗೆಲ್ಲ ಗೊರಕೆ ಹೊಡೀತಿರ್ತಾರೆ" ಅಂದೆ. ಹೆಂಡತಿ ಪೇಪರಿನಿಂದ ತಲೆ ಎತ್ತದೆ, "ಯಾರು?" ಅಂತ ಕೇಳಿದಳು.

ಆ ಪ್ರಶ್ನೆ ಅರ್ಥವಾಗಿದ್ದು ಅವತ್ತೇ ಸಂಜೆ, ಮೈದಾನದಲ್ಲಿ. ಮುಟ್ಟಾಟ ಆಡೋಣ ಅಂತ ನಾನೇ ಹೇಳಿದ್ದು. ಹತ್ತು ನಿಮಿಷ ಓಡಿದ ಮೇಲೆ ಮೂವರೂ ಹುಲ್ಲಿನ ಮೇಲೆ ಬಿದ್ದುಕೊಂಡೆವು. ಮೂವರ ಮುಖವೂ ಕೆಂಪು, ಮೂವರಿಗೂ ಏದುಸಿರು. ಪರವಾಗಿಲ್ಲ, ಕೆಲಸ ಆಯಿತು ಅಂದುಕೊಂಡೆ. ಎರಡೇ ನಿಮಿಷ. ಚಿಕ್ಕವನು ಎದ್ದು ಕೂತು ನನ್ನ ಹೊಟ್ಟೆ ತಟ್ಟಿದ. "ಅಪ್ಪಾ, ಇನ್ನೊಂದ್ ಸಲ!"

ನನ್ನ ಎದೆ ಇನ್ನೂ ಡವಡವ ಅನ್ನುತ್ತಲೇ ಇತ್ತು.

ಇದು ನನ್ನ ಹೊಟ್ಟೆಯ ದೋಷ ಮಾತ್ರ ಅಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. 2018ರಲ್ಲಿ ಫ್ರಾನ್ಸ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಮೂರು ಗುಂಪಿನವರಿಗೆ ಸೈಕಲ್ ತುಳಿಸಿ ನೋಡಿದರು. 8ರಿಂದ 12 ವರ್ಷದ ಹುಡುಗರು, ವ್ಯಾಯಾಮದ ಅಭ್ಯಾಸವಿಲ್ಲದ ದೊಡ್ಡವರು, ದೂರದ ಓಟ, ಸೈಕ್ಲಿಂಗ್‌ನಂಥ ಸ್ಪರ್ಧೆಗಳ ರಾಷ್ಟ್ರಮಟ್ಟದ ಪಟುಗಳು. ಹುಡುಗರು ದಣಿದಿದ್ದು ಹೆಚ್ಚುಕಡಿಮೆ ಆ ಪಟುಗಳಷ್ಟೇ. ತುಳಿಯುವುದು ನಿಲ್ಲಿಸಿದ ಮೇಲೆ ಅವರ ಎದೆಬಡಿತ ಇಳಿದ ವೇಗವಂತೂ ಪಟುಗಳಿಗೂ ಏನೂ ಕಡಿಮೆ ಇರಲಿಲ್ಲ. ಮಕ್ಕಳ ಸ್ನಾಯುಗಳು ಉಸಿರಿನ ಆಮ್ಲಜನಕವನ್ನು ಬಳಸಿಯೇ ಹೆಚ್ಚು ಶಕ್ತಿ ಪಡೆಯುತ್ತವಂತೆ. ಅದಕ್ಕೇ ದಣಿವು ಬೇಗ ಅಂಟುವುದಿಲ್ಲ, ಅಂಟಿದರೂ ನಿಲ್ಲುವುದಿಲ್ಲ. ಅಂದರೆ ನಾನು ಸುಸ್ತು ಮಾಡಿಸಲು ಹೊರಟಿದ್ದು ಇಬ್ಬರು ಪಟುಗಳನ್ನು. ಅದೂ ಆಫೀಸು ಮುಗಿಸಿಕೊಂಡು ಬಂದು.

ಮರುದಿನ ಉಪಾಯ ಬದಲಿಸಿದೆ. ಓಡುವುದು ಬೇಡ, ಮೂವರೂ ವಾಕಿಂಗ್ ಹೋಗೋಣ. ಇದರಷ್ಟು ದೊಡ್ಡ ತಪ್ಪು ಇನ್ನೊಂದಿಲ್ಲ. ಕಾಲು ಕಿಲೋಮೀಟರಿಗೆಲ್ಲ "ಕಾಲು ನೋವು" ಶುರುವಾಯಿತು. ಎತ್ತಿಕೋ ಅಂತ ಹಟ. ಅಷ್ಟರಲ್ಲಿ ಒಂದು ನಾಯಿಮರಿ ಅಡ್ಡ ಬಂತು ನೋಡಿ, ನೋವಿನ ಕಾಲುಗಳೆರಡೂ ಅದರ ಹಿಂದೆ ಓಡಿಹೋದವು. ಒಂದೇ ಹದದಲ್ಲಿ ನಡೆಯುತ್ತಾ ಹೋಗುವುದು ದೊಡ್ಡವರ ಚಟ. ಮಕ್ಕಳದ್ದು ಹಾಗಲ್ಲ. ಒಂದು ಓಟ, ಒಂದು ನಿಲುಗಡೆ, ಒಂದು ಕಲ್ಲು ಹೆಕ್ಕುವುದು, ಮತ್ತೆ ಓಟ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದು ಒಂದೇ ಏಟಿಗೆ ಆಗಬೇಕೆಂದಿಲ್ಲ. ನಮ್ಮ ಮನೆಯಲ್ಲಾದರೆ ಅಷ್ಟು ಬೆಳಗಿನ ತಿಂಡಿಗೆ ಮುಂಚೆಯೇ ಮುಗಿದಿರುತ್ತದಲ್ಲ ಅಂತ ನನಗನ್ನಿಸಿತ್ತು. ಆದರೆ ಒಂದು ಭಾನುವಾರ ಸುಮ್ನೆ ಗಮನಿಸುತ್ತಾ ಕೂತೆ. ಬೆಳಿಗ್ಗೆ ಸೋಫಾ, ನಿಜ. ಹತ್ತರ ಮೇಲೆ ಇಬ್ಬರೂ ಟಿವಿ ಮುಂದೆ ಕೂತವರು ಸಂಜೆವರೆಗೆ ಎದ್ದಿದ್ದು ಊಟಕ್ಕೆ, ಆಮೇಲೆ ರಿಮೋಟಿಗಾಗಿ ಜಗಳಕ್ಕೆ.

ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಮಕ್ಕಳನ್ನು ಶಾಲೆಗೆ ಸೇರಿದಾಗಿನಿಂದ ಎರಡನೆಯ ತರಗತಿ ಮುಗಿಯುವವರೆಗೆ ಗಮನಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ಬೊಜ್ಜಿರುವ ಮಕ್ಕಳ ಪ್ರಮಾಣ ಆ ಅವಧಿಯಲ್ಲಿ ಶೇ. 8.9ರಿಂದ 11.5ಕ್ಕೆ ಏರಿತ್ತು. ಏರಿದ್ದೆಲ್ಲವೂ ಬೇಸಿಗೆ ರಜೆಗಳಲ್ಲಿ! ಶಾಲೆಯ ತಿಂಗಳುಗಳಲ್ಲಿ ಏರಿಕೆಯೇ ಇಲ್ಲ. ನನಗೆ ಇದು ತಲೆಕೆಳಗಾಗಿ ಕಂಡಿತು. ಶಾಲೆ ಅಂದರೆ ಕೂತುಕೊಳ್ಳುವ ಜಾಗ, ರಜೆ ಅಂದರೆ ಓಡುವ ಕಾಲ ಅಲ್ವಾ? ಆದರೆ ಶಾಲೆಗೆ ಬೆಲ್ಲಿದೆ. ಮೆಟ್ಟಿಲಿದೆ. ಆಟದ ಪೀರಿಯಡ್ಡಿದೆ. ಕೈಗೆಟಕುವ ಹಾಗೆ ಕುರುಕು ತಿಂಡಿಯ ಡಬ್ಬಿಗಳಿಲ್ಲ, ರಾತ್ರಿ ಹನ್ನೊಂದಕ್ಕೆ ಮಲಗಿದರೆ ಮರುದಿನ ಕ್ಲಾಸಿನಲ್ಲಿ ತೂಕಡಿಕೆ. ಈ ಬೆಲ್ಲಿನ ಕೆಲಸವನ್ನು ರಜೆಯಲ್ಲಿ ಯಾರು ಮಾಡಬೇಕು ಅನ್ನುವುದೇ ತಕರಾರು.

ಹಾಗಾದರೆ ಶಿಬಿರಕ್ಕೆ ಹಾಕಿ ಅನ್ನುತ್ತಾರೆ. ಹಾಕಿದ್ದೆ, ಹೋದ ವರ್ಷ. ಚೆಂಡಾಟದ ಶಿಬಿರ. ಒಂದು ದಿನ ಬೇಗ ಹೋಗಿ ಬೇಲಿಯಾಚೆ ನಿಂತು ನೋಡಿದೆ. ಸಾಲಾಗಿ ಹದಿನಾಲ್ಕು ಮಕ್ಕಳು, ಒಂದು ಚೆಂಡು. ನಮ್ಮವನ ಸರದಿ ಅರ್ಧ ಗಂಟೆಯಲ್ಲಿ ಎರಡು ಸಲ ಬಂತು. ಉಳಿದ ಹೊತ್ತು ಮುಂದಿನವನ ಬೂಟಿನ ಲೇಸು ಬಿಚ್ಚುತ್ತಿದ್ದ. ಎಲ್ಲ ಶಿಬಿರಗಳೂ ಹೀಗಲ್ಲ, ಆದರೆ ಸೇರಿಸುವ ಮುಂಚೆ ಚೆಂಡುಗಳೆಷ್ಟು ಅಂತ ಕೇಳುವುದು ಒಳ್ಳೆಯದು.

ಬಿಸಿಲೂ ಒಂದು ದೊಡ್ಡ ತೊಡಕು. ಮಕ್ಕಳಿಗೆ ಮೈತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಹಾಗಾಗಿ ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಕಾವನ್ನು ನಮಗಿಂತ ಬೇಗ ಎಳೆದುಕೊಳ್ಳುತ್ತಾರೆ. ಆಟದ ಮಧ್ಯೆ ಬಾಯಾರಿಕೆಯಂತೂ ಅವರ ನೆನಪಿಗೇ ಬರುವುದಿಲ್ಲ. ಹತ್ತರಿಂದ ನಾಲ್ಕರವರೆಗೆ ನಮ್ಮಲ್ಲಿ ಮೈದಾನ ಬಂದ್. ಆ ಹೊತ್ತಿನಲ್ಲಿ ಜಾರುಬಂಡೆಯ ಲೋಹವನ್ನು ಒಮ್ಮೆ ಮುಟ್ಟಿ ನೋಡಿ, ಗೊತ್ತಾಗುತ್ತದೆ. ನೀರಿಗಿಳಿಸಿದರೆ ತಂಪೇನೋ ನಿಜ. ಆದರೆ ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಈಜುಕೊಳದಲ್ಲಿ ನಾನು ಫೋನು ಮುಟ್ಟುವುದಿಲ್ಲ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರುತ್ತೇನೆ.

ಮನೆಯೊಳಗಿನ ಹೊತ್ತಿಗೆ ನಮ್ಮ ಬಳಿ ಇರುವುದು ಒಂದು ಬಲೂನು. ಅದು ನೆಲ ಮುಟ್ಟಬಾರದು, ಅಷ್ಟೇ ನಿಯಮ. ಬಲೂನು ನಿಧಾನಕ್ಕೆ ಇಳಿಯುವುದರಿಂದ ಆರು ವರ್ಷದವನಿಗೂ ಸಿಗುತ್ತದೆ, ಟಿವಿಗೂ ಏಟಾಗುವುದಿಲ್ಲ. ಕೆಳಗಿನ ಮನೆಯವರು ಒಂದು ಸಲ ಬೆಲ್ ಮಾಡಿ, "ಮೇಲೆ ಸಾಮಾನು ಸಾಗಿಸ್ತಿದ್ದೀರಾ?" ಅಂತ ಕೇಳಿದರು. ಹೌದು ಅಂದುಬಿಟ್ಟೆ.

ಇಷ್ಟೆಲ್ಲ ಆದ ಮೇಲೆ ನಾನು ಕಂಡುಕೊಂಡಿದ್ದು ಏನೆಂದರೆ, "ಹೋಗಿ ಆಡಿ" ಅಂದರೆ ಮಕ್ಕಳು ಆಡುವುದಿಲ್ಲ. ಆ ಮಾತಿನಲ್ಲಿ ನಮ್ಮ ಸ್ವಾರ್ಥ ಇದೆ ಅಂತ ಅವರಿಗೆ ವಾಸನೆ ಬರುತ್ತದೆ. "ಗೇಟು ಮುಟ್ಟಿ ಬರೋಕೆ ಎಷ್ಟು ಸೆಕೆಂಡು ಬೇಕು ನಿನಗೆ?" ಅಂತ ಕೇಳಿ ನೋಡಿ. ಮಾತು ಮುಗಿಯುವಷ್ಟರಲ್ಲಿ ಹುಡುಗ ಗೇಟಿನ ಹತ್ತಿರ ಇರುತ್ತಾನೆ. ಇದಕ್ಕೇ ಒಂದು ಸ್ಟಾಪ್‌ವಾಚ್ ಇಟ್ಟೆ. ಆಮೇಲೆ ಗಿಡಕ್ಕೆ ನೀರು ಹಾಕುವ ಕೆಲಸವನ್ನೂ ಅದಕ್ಕೆ ಸೇರಿಸಿದೆ. ನಲ್ಲಿ ಮನೆಯ ಹಿಂದೆ, ಕುಂಡಗಳು ಮುಂದೆ. ಬಕೆಟ್ ಕೊಡಲಿಲ್ಲ. ಸ್ನಾನದ ಮನೆಯ ಅತಿ ಚಿಕ್ಕ ಮಗ್ಗನ್ನು ಕೊಟ್ಟೆ. ಒಂದು ಕುಂಡಕ್ಕೆ ಎರಡು ಸುತ್ತು, ಇಪ್ಪತ್ತು ಕುಂಡ. ನಾನು ಕುರ್ಚಿಯಲ್ಲಿ ಕೂತು ಸಮಯ ಬರೆದುಕೊಳ್ಳುತ್ತಿದ್ದೆ. ಇಷ್ಟು ಸುಖವಾದ ವ್ಯಾಯಾಮ ನಾನು ಜೀವನದಲ್ಲಿ ಮಾಡಿರಲಿಲ್ಲ.

ಐದು ಸಂಜೆ ಹೀಗೇ ನಡೆಯಿತು. ಆರನೆಯ ಸಂಜೆ ದೊಡ್ಡವಳು ನಲ್ಲಿಯ ಹತ್ತಿರ ನಿಂತುಬಿಟ್ಟಳು. ಮಗ್ಗನ್ನು ನೋಡಿದಳು. ಮೂಲೆಯಲ್ಲಿ ಬೋರಲು ಹಾಕಿದ್ದ ಬಕೆಟ್ಟನ್ನು ನೋಡಿದಳು. ಆಮೇಲೆ ನನ್ನನ್ನು.

"ಅಪ್ಪಾ, ಬಕೆಟ್ ಇತ್ತಲ್ಲ?"

"ಇತ್ತು..."

ಅವಳು ಹೆಚ್ಚು ಮಾತಾಡಲಿಲ್ಲ. ಬಂದು ಮಗ್ಗನ್ನು ನನ್ನ ಕೈಗಿಟ್ಟು, ಕುರ್ಚಿಯಲ್ಲಿ ತಾನು ಕೂತಳು. ಸ್ಟಾಪ್‌ವಾಚ್ ತಮ್ಮನ ಕೈಗೆ ಹೋಯಿತು. ನಾನು ಹಿಂದಕ್ಕೆ ಓಡಿದೆ, ತುಂಬಿಸಿಕೊಂಡೆ, ಅರ್ಧ ಚೆಲ್ಲಿಕೊಂಡೆ, ಮುಂದಕ್ಕೆ ಬಂದು ಸುರಿದೆ.

"41 ಸೆಕೆಂಡು" ಅಂದ ಚಿಕ್ಕವನು, ಮುಖ ಹುಳ್ಳಗೆ ಮಾಡಿ. "ನಂದು 22. ಇನ್ನೊಂದ್ ಸಲ, ಅಪ್ಪಾ!"